ಟಿಕೆಟ್ಟಿನ ಹಿಂದೆ

"ಬ್ಯಾಲೆನ್ಸ್, ಅಮ್ಮಾ, ಬ್ಯಾಲೆನ್ಸ್" ಅನ್ನುತ್ತಾಳೆ ಜೆಸಿಂತಾ,
ಮಂಗಳವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಬರುವ ಹುಡುಗಿ,
ಸ್ಕೂಟರಿನ ಹಿಂದೆ ನೀಲಿ ಸ್ಪಂಜಿನ ದಿಂಬು ಕಟ್ಟಿಕೊಂಡು
ಸುಂಕದಕಟ್ಟೆಯ ಹಂಪುಗಳನ್ನೆಲ್ಲ ಹಾರಿಸಿಕೊಂಡು.
ಆ ಮಾತು ಕೇಳಿದರೆ ಇವತ್ತಿಗೂ
ನನ್ನ ಕೈ ಬಗಲಿಗೆ ಹೋಗುತ್ತದೆ, ಚರ್ಮದ ಚೀಲ ಹುಡುಕಿ.

ಇಪ್ಪತ್ತೊಂಬತ್ತು ವರ್ಷ ಬ್ಯಾಲೆನ್ಸ್ ಅಂದರೆ
ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಗೀಚಿದ ಅಂಕಿ:
ಮೂರು. ಏಳು. ಒಮ್ಮೊಮ್ಮೆ ಎಂಬತ್ತೆಂಟು.
"ಇಳಿಯೋವಾಗ ಇಸ್ಕೊಳ್ಳಿ."
ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಟಿಕೆಟ್ಟು,
ಕಂಬಿ ಹಿಡಿಯಲು ಮೂರನೇ ಕೈ ದೇವರು ಕೊಟ್ಟಿರಲಿಲ್ಲ.
ಸೊಂಟವನ್ನು ಸೀಟಿನ ಅಂಚಿಗೆ ಒರಗಿಸಿ
ಪಾದ ಚೂರು ಅಗಲಿಸಿ
ಮಾಗಡಿ ರೋಡಿನ ಗುಂಡಿಗಳನ್ನೆಲ್ಲ ಮಂಡಿಯಲ್ಲೇ ನುಂಗಿದೆ.
ಒಮ್ಮೆ ಮಾತ್ರ ಬಿದ್ದದ್ದು, ಮಾರ್ಕೆಟ್ಟಿನಿಂದ ಬರುತ್ತಿದ್ದ
ಹೂವಿನ ಬುಟ್ಟಿಯ ಮೇಲೆ.
ನಲುಗಿದ ಕನಕಾಂಬರದ ದುಡ್ಡು ನಾನೇ ಕೊಟ್ಟೆ.

ಬಲಮಂಡಿ ಈಗ ಲೋಹದ್ದು.
ಹಳೆಯದನ್ನು ಏನು ಮಾಡಿದಿರಿ ಅಂತ ಕೇಳಿದ್ದಕ್ಕೆ
ಡಾಕ್ಟರು ನಕ್ಕು ಹಾಳೆ ತಿರುವಿದರು.
ಡಿಪೋದಲ್ಲಿ ಹಾಗಲ್ಲ. ಗುಜರಿಗೆ ಹೋಗುವ ಗಾಡಿಗೆ
ನಂಬರು ಅಳಿಸುವ ಮುಂಚೆ ಡ್ರೈವರು ಹನುಮಂತರಾಜು
ಒಂದು ನಿಂಬೆಹಣ್ಣು ಇಟ್ಟು, ಬಾನೆಟ್ ತಟ್ಟಿ ಬರುತ್ತಿದ್ದ.

ಮೊದಲ ವಾರ ಅಡುಗೆಕಟ್ಟೆಯ ಅಂಚು ಹಿಡಿದು.
ಎರಡನೇ ವಾರ ಎರಡೇ ಬೆರಳು ಊರಿ.
ಆಮೇಲೆ ಟೈಲ್ಸಿನ ಗೆರೆಯ ಮೇಲೆ
ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತ
ಫ್ರಿಜ್ಜಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ.
ಏಳನೆಯದಕ್ಕೆ ಗೆರೆಯೇ ಜರುಗುತ್ತದೆ.
ತಂಗಿ ಹೊಂಬಾಳಮ್ಮ ಹಿಂದೆ ಕೈ ಚಾಚಿಕೊಂಡು ಬರುತ್ತಾಳೆ,
ದೂರ ಹೋಗೆ ಅನ್ನುತ್ತೇನೆ.
ಹೋದರೆ ಹೆದರುತ್ತೇನೆ.

ಓಡುವ ಬಸ್ಸಿನಲ್ಲಿ ನಿಂತವಳಿಗೆ
ಅಲುಗದ ನೆಲ ಎಷ್ಟು ಕಷ್ಟ!
ಅದು ನಿಂತಿದೆ ಅನ್ನುವುದನ್ನು ಕಾಲು ನಂಬುವುದೇ ಇಲ್ಲ.

ಇವತ್ತು ದಿಂಬಿನ ಮೇಲೆ ನಿಲ್ಲಿಸಿ
"ಕಣ್ಣು ಮುಚ್ಚಿ" ಅಂದಳು ಜೆಸಿಂತಾ.
ಸ್ಪಂಜು ಎಡಕ್ಕೆ ಕುಸಿಯಿತು. ಬಲಕ್ಕೆ.
ಅಷ್ಟರಲ್ಲಿ ಕುಕ್ಕರು ಒಂದು ವಿಷಲ್ ಹಾಕಿತು ನೋಡಿ,
ಗಾಡಿ ಹೊರಟೇಬಿಟ್ಟಿತು.

ಟೋಲ್‌ಗೇಟಿನ ತಿರುವು. ಪಾದಗಳು ತಾವಾಗಿ ಅಗಲವಾದವು.
ಹಿಂದಿನ ಬಾಗಿಲಿಗೆ ಜೋತುಬಿದ್ದ ಐಟಿಐ ಹುಡುಗರು,
ಗಾರ್ಮೆಂಟ್ಸ್ ಹೆಂಗಸರ ಬೆವರು, ಬಾಡಿದ ಮಲ್ಲಿಗೆ,
ಯಾರದೋ ಡಬ್ಬಿಯಿಂದ ಬೆಳ್ಳುಳ್ಳಿ ಒಗ್ಗರಣೆ.
"ಒಳಗ್ ಹೋಗ್ರೀ, ಒಳಗೆ ಜಾಗ ಇದೆ."
ಜೋರಾಗಿಯೇ ಅಂದೆನೋ ಏನೋ.
ದೂರದಲ್ಲಿ ಜೆಸಿಂತಾ ಎಣಿಸುತ್ತಿದ್ದಳು, ಹತ್ತೊಂಬತ್ತು, ಇಪ್ಪತ್ತು,
ಯಾವುದೋ ಸ್ಟಾಪಿನ ಹೆಸರು ಹೇಳಿದ ಹಾಗೆ.

ಕಾಮಾಕ್ಷಿಪಾಳ್ಯದಲ್ಲಿ ಇಳಿದಳು ಆ ಹುಡುಗಿ,
ಎರಡು ಜಡೆ, ಒಂದರ ರಿಬ್ಬನ್ನು ಬಿಚ್ಚಿದೆ.
ಗಾಡಿ ಹೊರಟ ಮೇಲೆ ನೆನಪಾಯಿತು ಅವಳಿಗೆ,
ಟಿಕೆಟ್ಟು ಎತ್ತಿ ತೋರಿಸುತ್ತ ಕಿಟಕಿಯ ಪಕ್ಕ ಓಡಿ ಬಂದಳು.
ಹಿಂದೆ ನನ್ನದೇ ಅಕ್ಷರ: ನಾಲ್ಕು.
ಅವತ್ತು ಲೇಟಾಗಿತ್ತು. ಹನುಮಂತರಾಜು ಕನ್ನಡಿಯಲ್ಲಿ ನೋಡಿದ.
ನಾನು "ರೈಟ್" ಅಂದುಬಿಟ್ಟಿದ್ದೆ.

"ಹೋಲ್ಡಾನ್!" ಅಂದೆ.

ಜೆಸಿಂತಾ ಎಣಿಕೆ ನಿಲ್ಲಿಸಿ ತೋಳು ಹಿಡಿದಳು.
"ಸುಸ್ತಾಯ್ತಾ ಅಮ್ಮಾ? ಮೂವತ್ತೆರಡು! ಹೋದ ವಾರ ಒಂಬತ್ತು."
ಕಣ್ಣು ಬಿಟ್ಟರೆ ಅಡುಗೆಮನೆ,
ಕುಕ್ಕರಿನ ಸುತ್ತ ಬೇಳೆಯ ನೊರೆ,
ನೆಲ ತನ್ನ ಪಾಡಿಗೆ ನಿಂತಿದೆ.

ಚೀಟಿಯಲ್ಲಿ ಮೂವತ್ತೆರಡು ಅಂತ ಬರೆದು ಕೈಗಿಟ್ಟಳು.
ಅಭ್ಯಾಸಬಲ, ತಿರುಗಿಸಿ ನೋಡಿದೆ. ಖಾಲಿ.
ಅವಳ ಪೆನ್ನು ಇಸಿದುಕೊಂಡು ಹಿಂದೆ ಬರೆದೆ:
ಎಡಮಂಡಿ.
ಅದರ ಕೆಳಗೆ, ಅವಳು ಯಾಕೆ ಅಂತ ಕೇಳಿದರೂ ಹೇಳದೆ,
ನಾಲ್ಕು.